ಉಣ್ಣೆ ದಾರದಲ್ಲಿ ಅಳೆದ ಗಾಜು

ಕೊಯಾಯ್ಕೆ
ಮೇ 12, 1997

ಪ್ರೀತಿಯ ತಂಗಿ ಓತಿಲಿಯಾ,

ನಿನ್ನ ಕಾಗದಕ್ಕಿಂತ ಮೊದಲು ನಿನ್ನ ಸುದ್ದಿ ಬಂತು. ಬಸ್ಸಿನ ಚಾಲಕ ನನ್ನ ಬಾಗಿಲಲ್ಲಿ ನಿಂತು, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ, "ದೊಡ್ಡಮ್ಮಾ, ಸರೋವರದಾಚೆ ನಿಮ್ಮಮ್ಮನ ಒಲೆ ಗಾಜು ಹೋಯ್ತಂತೆ. ನಿಮ್ಮ ನೊಲ್ಬೆರ್ತೊ ಅದಕ್ಕೆ ತಗಡು ಹೊಡೆದಿದಾನಂತೆ" ಅಂದ. ನನ್ನ ನೊಲ್ಬೆರ್ತೊ ಅಂತೆ! ಅವನು ನಿನ್ನ ಗಂಡ. ನಿನಗೆ ಕೊಟ್ಟು ಇಪ್ಪತ್ತಾರು ವರ್ಷ ಆಯಿತು, ನನ್ನ ಲೆಕ್ಕಕ್ಕೆ ಅವನನ್ನು ಯಾರೂ ಸೇರಿಸಬೇಡಿ.

ಕಾಗದ ಆಮೇಲೆ ಓದಿದೆ. ಎಂಟು ಸಾಲು ಬರೆದಿದ್ದೀಯ. ಅದರಲ್ಲಿ ಐದು ಸಾಲು ಕುರಿಗಳ ಆರೋಗ್ಯ. ನಿನ್ನ ಕುರಿಗಳು ಚೆನ್ನಾಗಿರಲಿ. ನನಗೆ ಬೇಕಾದದ್ದು ಅಮ್ಮನ ವಿಷಯ.

ನಾನೇ ಕೂರಿಸಿದ ಗಾಜು ಅದು. ತೊಂಬತ್ತಮೂರರ ಬೇಸಿಗೆಯಲ್ಲಿ, ನಿನ್ನ ಅಡುಗೆಮನೆಯ ನೆಲದ ಮೇಲೆ ಕುರಿಚರ್ಮ ಹಾಸಿ, ಕಬ್ಬಿಣದ ಒಲೆಯ ಬಾಗಿಲನ್ನು ಅದರ ಮೇಲೆ ಮಲಗಿಸಿ, ಗಾಜಿನ ಸುತ್ತ ಬೆಂಕಿಗೆ ಸುಡದ ಬಿಳಿ ಹುರಿ ಸುತ್ತಿ, ಒಂದೊಂದೇ ಸ್ಕ್ರೂ ತಿರುಗಿಸಿದೆ. ಇಪ್ಪತ್ತು ವರ್ಷ ಇದರ ಕಡೆ ನೋಡಬೇಡ ಅಂದಿದ್ದೆ. ನಾಲ್ಕು ವರ್ಷಕ್ಕೆ ಒಡೆಯಬೇಕಾದರೆ ಅದಕ್ಕೆ ವಿಶೇಷ ಪ್ರತಿಭೆ ಬೇಕು. ನಿನ್ನ ಗಂಡನಿಗೆ ಅದು ಹುಟ್ಟಿನಿಂದ ಬಂದಿದೆ. ನಾನು ಎರಡನೇ ತರಗತಿಗೆ ಶಾಲೆ ಬಿಟ್ಟವಳು. ಒಲೆ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ರಿಪೇರಿ ಕಲಿತೆ. ಅವನು ಆರನೇ ತರಗತಿ ಮುಗಿಸಿದವನು, ಬಾಗಿಲು ಮುಚ್ಚುವುದನ್ನು ಕಲಿಯಲಿಲ್ಲ.

ಅದಕ್ಕಿಂತ ಕೆಟ್ಟದ್ದು ಆ ತಗಡು. ಓತಿಲಿಯಾ, ಅಮ್ಮನ ಕಣ್ಣಿಗೆ ಈಗ ಉಳಿದಿರುವುದು ಏನು? ನಿನ್ನ ಮುಖ ಕಾಣದು, ತಟ್ಟೆ ಕಾಣದು. ಕಿಟಕಿಯ ಬೆಳಕು ಕಂಡರೂ ಅದು ಸತ್ತ ಬೆಳಕು. ಅಲ್ಲಾಡುವ ಬೆಳಕು ಒಂದೇ, ಅದು ಒಲೆಯದು. ಆ ಗಾಜಿನ ಮುಂದೆ ಕೂತು "ಅಗೋ, ನಿಮ್ಮಪ್ಪ ಕುದುರೆ ಹತ್ತಿದ", "ಅಗೋ, ಕೋಳಿ ಜಗಳ ಆಡ್ತಿವೆ" ಅಂತ ದಿನವಿಡೀ ಬೆಂಕಿಯಲ್ಲಿ ಊರು ಕಟ್ಟುತ್ತಿದ್ದವಳು. ಆ ಊರಿಗೆ ನಿನ್ನ ಗಂಡ ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಬಾಗಿಲು ಹಾಕಿದ.

ಗಾಜಿನ ಅಳತೆ ಕಳಿಸು. ಒಡೆದ ಚೂರುಗಳನ್ನೂ ಕಳಿಸು. ಚೂರು ನೋಡಿದರೆ ಹೇಗೆ ಒಡೆಯಿತು ಅಂತ ನಾನು ಓದಬಲ್ಲೆ. ಮತ್ತೆ, ಹಿಂದೆಯೂ ಹೇಳಿದ್ದೆ, ಈಗಲೂ ಹೇಳುತ್ತೇನೆ: ಆ ಮನೆಯಲ್ಲಿ ಇನ್ನೊಂದು ಸಲ ಎಡವಟ್ಟಾದರೆ, ಅಮ್ಮನ ಮೈಮೇಲೆ ಒಂದು ಸುಟ್ಟ ಗಾಯ ಕಂಡರೆ, ನಾನು ಬಂದು ಅವಳನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ನಿನ್ನ ಗಂಡನಿಗೆ ಓದಿ ಹೇಳು.

ಅಮ್ಮನಿಗೆ ಎರಡು ಜೊತೆ ಕಾಲುಚೀಲ ಹೆಣೆದಿದ್ದೇನೆ, ಇದರ ಜೊತೆ ಇದೆ. ಕೆಂಪು ಜೊತೆ ನಿನಗೆ.

ನಿನ್ನ ಅಕ್ಕ,
ಎಲ್ಸಿರಾ

ಎಲ್ ಮಾಯ್ತೆನ್
ಮೇ 27, 1997

ಪ್ರೀತಿಯ ಅಕ್ಕಾ,

ಕಾಲುಚೀಲ ಬಂತು. ಅಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು, "ಎಲ್ಸಿರಾ ಹೆಣೆದದ್ದು. ಹಿಮ್ಮಡಿ ಹತ್ರ ಸಿಟ್ಟಿನಿಂದ ಬಿಗಿ ಮಾಡಿದಾಳೆ" ಅಂದಳು. ಹಾಕಿಕೊಂಡು ಮಲಗಿದ್ದಾಳೆ.

ಮಲಗಿದ್ದಾಳೆ ಅಂದೆನಲ್ಲ, ಈಗ ಮಧ್ಯಾಹ್ನ ಮೂರು ಗಂಟೆ. ಒಲೆಯ ಮುಂದೆ ಕುರ್ಚಿ ಹಾಕಿ ಕೂರಿಸುತ್ತೇನೆ. ಸ್ವಲ್ಪ ಹೊತ್ತು ಕೂರುತ್ತಾಳೆ. ಆಮೇಲೆ "ಎಲ್ರೂ ಮಲಗಿಬಿಟ್ರಾ?" ಅಂತ ಕೇಳುತ್ತಾಳೆ. "ಇಲ್ಲಮ್ಮ, ಇನ್ನೂ ಹಗಲು" ಅಂದರೆ, "ಹಾಗಾದ್ರೆ ಬೆಂಕಿ ಯಾಕೆ ಆರಿಸಿದ್ದೀರ?" ಅನ್ನುತ್ತಾಳೆ. ಕೈ ಹಿಡಿದು ಒಲೆಯ ಬಿಸಿ ತೋರಿಸುತ್ತೇನೆ. "ಬಿಸಿ ಇದೆ, ಬೆಂಕಿ ಎಲ್ಲಿ?" ಅಂತಾಳೆ.

ಗಾಜು ಹೇಗೆ ಒಡೆಯಿತು ಅಂತ ನೀನು ಕೇಳಿದ್ದೀಯ. ಇವರನ್ನು ಕೇಳಿದೆ. "ಕಟ್ಟಿಗೆ ಉದ್ದ ಇತ್ತು. ಒಲೆಯ ಬಾಗಿಲಿಂದಲೇ ಒತ್ತಿ ಒಳಗೆ ತಳ್ಳಿದೆ. ಹಾಗೇ ಬರಿ" ಅಂದರು. ಹಾಗೇ ಬರೆದಿದ್ದೇನೆ. ಚೂರುಗಳನ್ನು ಎಸೆದುಬಿಟ್ಟರಂತೆ.

ಅಳತೆ ಇದರೊಳಗಿದೆ. ಅಳತೆಪಟ್ಟಿಯನ್ನು ಹೋದ ವರ್ಷ ಹಂದಿ ಕಚ್ಚಿ ಹಾಕಿತು. ಅದಕ್ಕೆ ದಾರದಲ್ಲಿ ತೆಗೆದರು. ಒಂದು ಗಂಟಿನಿಂದ ಎರಡನೇ ಗಂಟಿಗೆ ಅಗಲ, ಎರಡರಿಂದ ಮೂರಕ್ಕೆ ಎತ್ತರ.

ಇವರ ಮೇಲೆ ಅಷ್ಟು ಸಿಟ್ಟು ಮಾಡಬೇಡ ಅಕ್ಕಾ. ನಿನ್ನ ಕಾಗದ ಓದಿ ಹೇಳು ಅಂದಿದ್ದೆ, ಹೇಳಿದೆ. ಕೇಳಿಕೊಂಡು ಎದ್ದು ಹೋಗಿ ಕಟ್ಟಿಗೆ ಒಡೆದರು. ಈಗ ಒಲೆ ಪಕ್ಕದಲ್ಲಿ ಮೊಳಕ್ಕಿಂತ ಉದ್ದದ ತುಂಡು ಒಂದೂ ಇಲ್ಲ.

ನಿನ್ನ ತಂಗಿ,
ಓತಿಲಿಯಾ

ಕೊಯಾಯ್ಕೆ
ಜೂನ್ 6, 1997

ಪ್ರೀತಿಯ ಓತಿಲಿಯಾ,

ದಾರ ಬಂತು. ಮೇಜಿನ ಮೇಲೆ ಇಟ್ಟುಕೊಂಡು ನಾನು, ಪಕ್ಕದ ಮನೆಯವಳು, ಅವಳ ಬೆಕ್ಕು ಮೂವರೂ ನೋಡಿದೆವು. ಬೆಕ್ಕಿಗೆ ಮಾತ್ರ ಅದರಿಂದ ಪ್ರಯೋಜನ ಆಯಿತು.

ಉಣ್ಣೆ ದಾರ! ಓತಿಲಿಯಾ, ನಿನ್ನ ಗಂಡ ನಲವತ್ತು ವರ್ಷದಿಂದ ಕುರಿ ಸಾಕುತ್ತಿದ್ದಾನೆ. ಉಣ್ಣೆ ಹಿಗ್ಗುತ್ತದೆ ಅಂತ ಕುರಿಗಳೇ ಅವನಿಗೆ ಹೇಳಬಹುದಿತ್ತು. ಸಡಿಲವಾಗಿ ಹಿಡಿದರೆ ಅಗಲ ಮೂವತ್ತೆಂಟು ಸೆಂಟಿಮೀಟರ್. ಸ್ವಲ್ಪ ಎಳೆದರೆ ನಲವತ್ತೊಂದು. ಸಿಟ್ಟಿನಿಂದ ಎಳೆದರೆ ನಲವತ್ತನಾಲ್ಕು, ಅದನ್ನು ಅಳೆಯುವಾಗ ನನಗೆ ಬರೀ ಸಿಟ್ಟೇ ಇತ್ತು. ಒಲೆಗಾಜು ಪುವೆರ್ತೊ ಮೊಂತ್‌ನಿಂದ ಹಡಗಲ್ಲಿ ಬರಬೇಕು. ಬಂದ ಮೇಲೆ ಬೇಕಾದ ಹಾಗೆ ಚೂರು ಕೊಯ್ದುಕೊಳ್ಳೋಣ ಅನ್ನುವುದಕ್ಕೆ ಅದು ಗಿಣ್ಣಲ್ಲ. ಒಂದು ಸಲ ಹೇಳಿದ ಅಳತೆ ಮುಗಿಯಿತು.

ಅದೂ ಎಲ್ಲಿ ಅಳೆದನೋ! ಕಾಣುವ ಕಂಡಿಯನ್ನು ಅಳೆದಿರುತ್ತಾನೆ. ಗಾಜು ಕೂರುವುದು ಕಂಡಿಯಲ್ಲಲ್ಲ, ಅದರ ಹಿಂದಿನ ತೋಡಿನಲ್ಲಿ. ಅಲ್ಲೂ ನಾಲ್ಕು ಕಡೆ ಕಾಳಿನಷ್ಟು ಜಾಗ ಬಿಡಬೇಕು. ಕಬ್ಬಿಣ ಕಾದರೆ ಒಂದು ಥರ ಹಿಗ್ಗುತ್ತದೆ, ಗಾಜು ಇನ್ನೊಂದು ಥರ. ಎರಡೂ ಒಂದೇ ಮನೆಯಲ್ಲಿ ಬಾಳಬೇಕು ಅಂದರೆ ನಡುವೆ ಸ್ವಲ್ಪ ಸಡಿಲ ಬೇಕು.

ಕಾಗದ ಬರೆದು, ಅದು ಬಸ್ಸಿನಲ್ಲಿ ಹೋಗಿ, ದೋಣಿ ಹತ್ತಿ, ನೀನು ಓದಿ, ಅವನಿಗೆ ತಿಳಿಹೇಳಿ... ಅಮ್ಮ ಅಲ್ಲಿಯವರೆಗೆ, ಈ ಚಳಿಗಾಲವೆಲ್ಲ, ತಗಡು ನೋಡುತ್ತ ಕೂರಬೇಕಾ? ಅದಕ್ಕೇ ಮೊನ್ನೆ ರೇಡಿಯೊ ಕಚೇರಿಗೆ ಹೋದೆ. ಹಳ್ಳಿಗಳಿಗೆ ಸಂದೇಶ ಓದುವ ಹುಡುಗಿ ನಾನು ಬರೆದದ್ದನ್ನು ನೋಡಿ, "ದೊಡ್ಡಮ್ಮಾ, ಇಷ್ಟು ಖಾರವಾಗಿ ಓದೋಕಾಗುತ್ತಾ?" ಅಂದಳು. "ನೀನು ಓದಮ್ಮ, ಖಾರ ನನ್ನದು" ಅಂದೆ. ಮಧ್ಯಾಹ್ನ, ಸಂಜೆ, ಮರುದಿನ ಬೆಳಿಗ್ಗೆ ಮೂರು ಸಲ ಓದಿದರು. ನೀನೂ ಕೇಳಿರುತ್ತೀಯ:

"ಎಲ್ ಮಾಯ್ತೆನ್‌ನ ನೊಲ್ಬೆರ್ತೊ ಅವರ ಗಮನಕ್ಕೆ. ಉಣ್ಣೆ ಹಿಗ್ಗುತ್ತದೆ. ಗಾಜಿನ ಅಳತೆಗೆ ರಟ್ಟು ಕತ್ತರಿಸಿ, ತೋಡಿನಲ್ಲಿ ಕೂರಿಸಿ ನೋಡಿ, ದೋಣಿಯಲ್ಲಿ ಕಳಿಸಿ. ಇನ್ನು ಮುಂದೆ ಕಟ್ಟಿಗೆಯನ್ನು ಕೈಯಿಂದ ಇಡಿ, ಬಾಗಿಲಿಂದ ತಳ್ಳಬೇಡಿ. ಇಂತಿ, ಅತ್ತಿಗೆ ಎಲ್ಸಿರಾ."

ಇಷ್ಟು ಸ್ಪಷ್ಟವಾಗಿ ಅವನಿಗೆ ಯಾರೂ ಜೀವನದಲ್ಲಿ ಏನನ್ನೂ ಹೇಳಿರಲಾರರು.

ಅಮ್ಮನಿಗೆ ಮುತ್ತು ಕೊಡು. ಕಿಟಕಿ ಪಕ್ಕ ಕೂರಿಸು. ಸತ್ತ ಬೆಳಕಾದರೂ ಬೆಳಕು.

ನಿನ್ನ ಅಕ್ಕ,
ಎಲ್ಸಿರಾ

ಎಲ್ ಮಾಯ್ತೆನ್
ಜೂನ್ 19, 1997

ಅಕ್ಕಾ,

ರಟ್ಟು ಇದರ ಜೊತೆ ಇದೆ. ಯೆರ್ಬಾ ಚಹಾಸೊಪ್ಪು ಬಂದ ಪೆಟ್ಟಿಗೆಯ ರಟ್ಟು. ಇವರು ತೋಡಿನಲ್ಲಿ ಕೂರಿಸಿ, ತೆಗೆದು, ಕತ್ತರಿಸಿ, ಮತ್ತೆ ಕೂರಿಸಿ ಒಂದು ಇಡೀ ಬೆಳಿಗ್ಗೆ ಕಳೆದರು. ಸರಿಯಾಗಿದೆ.

ಹೌದು, ರೇಡಿಯೊ ಕೇಳಿದೆ. ಸರೋವರದ ಸುತ್ತ ಬ್ಯಾಟರಿ ಇದ್ದವರೆಲ್ಲ ಕೇಳಿದರು. ಮಧ್ಯಾಹ್ನದ ಹೊತ್ತು, ಕುರಿಕೊಬ್ಬಿನಲ್ಲಿ ರೊಟ್ಟಿ ಕರಿಯುತ್ತಿದ್ದೆ. ಮೊದಲು ಯಾರದೋ ಸಾವಿನ ಸುದ್ದಿ ಓದಿದರು, ಆಮೇಲೆ ಯಾರದೋ ಕಳೆದುಹೋದ ಎತ್ತು, ಆಮೇಲೆ ಇವರು. ತಟ್ಟೆ ಮುಂದಿಟ್ಟುಕೊಂಡು ಕೂತಿದ್ದವರು ಕೊನೆಯವರೆಗೆ ಕೇಳಿ, "ಅತ್ತಿಗೆಗೆ ಅಕ್ಷರ ಚೆನ್ನಾಗಿ ಬರುತ್ತೆ" ಅಂದರು. ಅಷ್ಟೆ.

ಶುಕ್ರವಾರ ದೋಣಿಕಟ್ಟೆಗೆ ಹಿಟ್ಟು ತರಲು ಹೋದರು. ಅಲ್ಲಿ ನಿಂತವರು, "ಏನಯ್ಯಾ ಉಣ್ಣೆ ನೊಲ್ಬೆರ್ತೊ, ಇವತ್ತು ಹಿಗ್ಗಿದೀಯೋ ಕುಗ್ಗಿದೀಯೋ?" ಅಂದರಂತೆ. ಇನ್ನೊಬ್ಬ, "ಬಾಗಿಲು ತಳ್ಳಬೇಡವೋ, ಅತ್ತಿಗೆ ರೇಡಿಯೊದಲ್ಲಿ ಹೇಳ್ತಾಳೆ" ಅಂದನಂತೆ. ಇವರು ನಕ್ಕುಬಿಟ್ಟರಂತೆ. ಇದನ್ನು ನನಗೆ ಹೇಳಿದ್ದು ದೋಣಿಯವನು. ಇವರು ಮಾತ್ರ ಈ ಶುಕ್ರವಾರ ಹಿಟ್ಟು ತರಲು ನನ್ನನ್ನೇ ಹೋಗು ಅಂದರು.

ಅಮ್ಮ ರೇಡಿಯೊ ಕೇಳಿ ನಿನ್ನ ಪಕ್ಷ ಸೇರಿದ್ದಾಳೆ. ದಿನಕ್ಕೆ ಎರಡು ಸಲ ಇವರಿಗೆ ಬಯ್ಯುತ್ತಾಳೆ. "ಕಣ್ಣಿರೋನು ನೀನು. ನೋಡಿಕೊಂಡು ತಳ್ಳಬಾರದಾ?" ಇವರು ತಲೆ ತಗ್ಗಿಸಿ "ತಪ್ಪಾಯ್ತಮ್ಮಾ" ಅನ್ನುತ್ತಾರೆ. ಬಯ್ಯುವಾಗ ಮಾತ್ರ ಅಮ್ಮ ಮೊದಲಿನ ಹಾಗಿರುತ್ತಾಳೆ. ನಿನ್ನೆ ಊಟದ ತಟ್ಟೆ ದೂಡಿ, "ಕತ್ತಲಲ್ಲಿ ಎಂಥ ಊಟ" ಅಂದಳು.

ಅಕ್ಕಾ, ಗಾಜು ಬೇಗ ಕಳಿಸು. ಬೇರೆ ಏನೂ ಕೇಳಬೇಡ. ಕೆಲವು ಮಾತು ಕಾಗದದಲ್ಲಿ ಬರೆಯಲು ಆಗುವುದಿಲ್ಲ.

ನಿನ್ನ ತಂಗಿ,
ಓತಿಲಿಯಾ

ಕೊಯಾಯ್ಕೆ
ಜೂನ್ 30, 1997

ಓತಿಲಿಯಾ,

ಕಾಗದದಲ್ಲಿ ಬರೆಯಲು ಆಗದ ಮಾತು ಅಂದರೆ ಏನು? ನನಗೆ ಗೊತ್ತು. ಕುಡಿದಿದ್ದ. ಕುಡಿದು ಬಾಗಿಲು ಒದ್ದಿದ್ದಾನೆ. ಚೂರು ಎಸೆದದ್ದು ಅದಕ್ಕೇ. ಚೂರು ಸುಳ್ಳು ಹೇಳುವುದಿಲ್ಲ ಅಂತ ಅವನಿಗೂ ಗೊತ್ತು. ಕಟ್ಟಿಗೆ ತಗಲಿ ಒಡೆದರೆ ನಕ್ಷತ್ರದ ಹಾಗೆ ಸೀಳುತ್ತದೆ. ಸ್ಕ್ರೂ ಬಿಗಿಯಾಗಿ ಒಡೆದರೆ ಸೀಳು ಮೂಲೆಯಿಂದ ಹೊರಡುತ್ತದೆ. ಬೂಟಿನ ಕಾಲು ತಗಲಿದರೆ ಹೇಗೆ ಅಂತ ಈವರೆಗೆ ನೋಡುವ ಭಾಗ್ಯ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ.

ಗಾಜು ಬಂದಿದೆ. ಹೊಸದು, ಪುವೆರ್ತೊ ಮೊಂತ್‌ನದು. ರಟ್ಟಿನ ಮೇಲೆ ಇಟ್ಟು ನೋಡಿದೆ, ಕೂದಲಷ್ಟೂ ವ್ಯತ್ಯಾಸವಿಲ್ಲ. ನನ್ನ ಹಾಸಿಗೆಯ ಕೆಳಗೆ ಕಂಬಳಿಯಲ್ಲಿ ಸುತ್ತಿಟ್ಟಿದ್ದೇನೆ. ಅದನ್ನು ಕಳಿಸುವುದಿಲ್ಲ.

ಸುಮ್ಮನೆ ಯೋಚಿಸು. ಅಂಥ ಗಾಜನ್ನು ಅಂಥ ಕೈಗೆ ಯಾಕೆ ಕೊಡಬೇಕು? ಇನ್ನೊಂದು ಚಳಿಗಾಲಕ್ಕೆ ಇನ್ನೊಂದು ಕಾಗದ, ಇನ್ನೊಂದು ದಾರ. ಬೇಡ. ಜುಲೈ 25ರ ದೋಣಿಗೆ ನಾನು ಬರುತ್ತೇನೆ. ಪಕ್ಕದ ಮನೆಯವಳ ಮಗನ ಟ್ರಕ್ಕು ದೋಣಿಕಟ್ಟೆಯಲ್ಲಿ ಕಾಯುತ್ತದೆ. ಅಮ್ಮನ ಬಟ್ಟೆ, ಅವಳ ದಿಂಬು, ಯೆರ್ಬಾ ಕುಡಿಯುವ ಅವಳ ಸೋರೆಬುರುಡೆ ಕಟ್ಟಿಡು. ನನ್ನ ಒಲೆಯ ಎದುರು ಕುರ್ಚಿ ಹಾಕಿದ್ದೇನೆ, ಕುರ್ಚಿಯ ಕೈಗಳಿಗೆ ಮೆತ್ತನೆ ಬಟ್ಟೆ ಹೊಲಿದಿದ್ದೇನೆ. ಇಲ್ಲಿ ಬೆಂಕಿ ಕಾಣುತ್ತದೆ.

ಅವಳಿಗೆ ಸರೋವರ ಬೇಕು, ಗಾಳಿ ಬೇಕು, ಊರಿನ ಹೊಗೆ ಆಗುವುದಿಲ್ಲ ಅಂತ ನೀನು ಹಳೆಯ ಮಾತು ತೆಗೆಯಬೇಡ. ಕಾಣದ ಸರೋವರವನ್ನು ಏನು ಮಾಡುತ್ತಾಳೆ?

ನಿನ್ನ ಗಂಡನಿಗೆ ಓದಿ ಹೇಳುವ ಅಗತ್ಯವಿಲ್ಲ. ಅವನ ಅಭಿಪ್ರಾಯ ನನಗೆ ಬೇಕಾಗಿಲ್ಲ. ಉಣ್ಣೆ ದಾರದ ಅಳತೆಯಷ್ಟೇ ಬೆಲೆ ಅದಕ್ಕೆ.

ಎಲ್ಸಿರಾ

ಎಲ್ ಮಾಯ್ತೆನ್
ಜುಲೈ 9, 1997

ಅಕ್ಕಾ,

ಇವರು ಮನೆಯಲ್ಲಿಲ್ಲ. ಮೇಲಿನ ಗುಡ್ಡದಲ್ಲಿ ಹಿಮ ಬಿದ್ದಿದೆ, ಕುರಿಗಳನ್ನು ಕೆಳಗೆ ಇಳಿಸಲು ಹೋಗಿದ್ದಾರೆ. ಎರಡು ದಿನ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೇಳುವುದಿಲ್ಲ ಅಂತ ಇವರಿಗೆ ಮಾತು ಕೊಟ್ಟಿದ್ದೆ. ಮುರಿಯುತ್ತಿದ್ದೇನೆ, ದೇವರು ನನ್ನನ್ನು ನೋಡಿಕೊಳ್ಳಲಿ.

ಗಾಜು ಒಡೆದದ್ದು ಅಮ್ಮ.

ಏಪ್ರಿಲ್ ಕೊನೆಯ ವಾರ. ಬೆಂಕಿ ಜೋರಾಗಿತ್ತು. ನಾನು ಹೊರಗೆ ಬಟ್ಟೆ ಒಣಹಾಕುತ್ತಿದ್ದೆ. ಗಾಜಿಗೆ ಮಸಿ ಹಿಡಿದು ಅವಳಿಗೆ ಬೆಂಕಿ ಮಂಜು ಮಂಜಾಗಿ ಕಂಡಿರಬೇಕು. ನೀನೇ ಕಲಿಸಿದ್ದೆಯಲ್ಲ, ಒದ್ದೆ ಕಾಗದಕ್ಕೆ ಬೂದಿ ಅದ್ದಿ ಒರೆಸಿದರೆ ಗಾಜು ಹೊಳೆಯುತ್ತದೆ ಅಂತ. ಒಲೆ ತಣ್ಣಗಿರುವಾಗ ಒರೆಸಬೇಕು ಅನ್ನುವುದನ್ನು ಅವಳು ಮರೆತಿದ್ದಳು. ಬಕೆಟ್ಟಿನ ತಣ್ಣೀರಿನಲ್ಲಿ ತನ್ನ ಏಪ್ರನ್ನಿನ ತುದಿ ಅದ್ದಿ, ಹೋಗಿ ಒರೆಸಿದ್ದಾಳೆ. ಢಬ್ ಅಂತ ಸದ್ದು ಕೇಳಿ ನಾನು ಓಡಿ ಬರುವಷ್ಟರಲ್ಲಿ ಇವರು ಕೊಟ್ಟಿಗೆಯಿಂದ ಬಂದುಬಿಟ್ಟಿದ್ದರು. ಅಮ್ಮನ ಮಡಿಲು ತುಂಬ ಗಾಜು. ಎರಡು ಬೆರಳ ತುದಿ ಸುಟ್ಟಿತ್ತು. ಅವಳು "ಏನಾಯ್ತು? ಏನು ಮಾಡಿಬಿಟ್ಟೆ ನಾನು?" ಅನ್ನುತ್ತಿದ್ದಳು.

ಇವರು ಅವಳ ಮುಂದೆ ಮಂಡಿಯೂರಿ, "ನೀವೇನೂ ಮಾಡಿಲ್ಲಮ್ಮಾ. ನಾನು ಬಾಗಿಲಿಂದ ಕಟ್ಟಿಗೆ ತಳ್ಳಿದೆ, ಗಾಜು ಹೋಯ್ತು. ನಿಮ್ಮನ್ನ ಹೆದರಿಸಿಬಿಟ್ಟೆ" ಅಂದರು. ಅವಳ ಮಡಿಲಿಂದ ಒಂದೊಂದೇ ಚೂರು ಎತ್ತಿ ಟೋಪಿಯೊಳಗೆ ಹಾಕಿಕೊಂಡರು. ಅಮ್ಮ ಸಮಾಧಾನಗೊಂಡು ಅಲ್ಲೇ ಬಯ್ಯಲು ಶುರುಮಾಡಿದಳು. ಅವತ್ತಿನಿಂದ ಬಯ್ಯುತ್ತಲೇ ಇದ್ದಾಳೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಹೊರಗೆ ಕರೆದು ನನಗೆ ಹೇಳಿದರು: "ಅತ್ತಿಗೆಗೆ ಗೊತ್ತಾದ್ರೆ ಅಮ್ಮನ್ನ ಕರ್ಕೊಂಡು ಹೋಗ್ತಾರೆ. ಒಂದು ಸುಟ್ಟ ಗಾಯ ಸಾಕು ಅಂತ ಅವರೇ ಅಂದಿದಾರೆ. ನಾನು ಒಡೆದೆ ಅಂತ ಬರಿ. ನನ್ನ ಬಗ್ಗೆ ಅವರಿಗೆ ಹೊಸದಾಗಿ ಕೆಟ್ಟ ಅಭಿಪ್ರಾಯ ಬರೋದೇನಿದೆ?"

ಕುಡಿದಿರಲಿಲ್ಲ ಅಕ್ಕಾ. ನಾಲ್ಕು ವರ್ಷದಿಂದ ಕುಡಿದಿಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಚೂರು ಎಸೆದೆ ಅಂದದ್ದೂ ಸುಳ್ಳು. ನಾಯಿಗಳ ಕಾಲಿಗೆ ಚುಚ್ಚೀತು ಅಂತ ಎಲ್ಲವನ್ನೂ ಗುಡಿಸಿ ಹಿಟ್ಟಿನ ಚೀಲಕ್ಕೆ ತುಂಬಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದರು. ಇದರ ಜೊತೆ ಕಳಿಸುತ್ತಿದ್ದೇನೆ. ನೀನು ಚೂರು ಓದಬಲ್ಲೆ ಅಂದಿದ್ದೆ. ಓದು. ನಾನು ನಿಜ ಹೇಳುತ್ತಿದ್ದೇನೋ ಇಲ್ಲವೋ ನೋಡು. ಆಮೇಲೆ 25ಕ್ಕೆ ಬರುವುದಾದರೆ ಬಾ.

ಅಮ್ಮನ ಬಟ್ಟೆ ಇನ್ನೂ ಕಟ್ಟಿಲ್ಲ.

ಓತಿಲಿಯಾ

ಕೊಯಾಯ್ಕೆ
ಜುಲೈ 17, 1997

ನೊಲ್ಬೆರ್ತೊ,

ಇಪ್ಪತ್ತಾರು ವರ್ಷದಲ್ಲಿ ನಿನ್ನ ಹೆಸರಿಗೆ ಇದು ನನ್ನ ಮೊದಲ ಕಾಗದ. ಓತಿಲಿಯಾಗೆ ಬಯ್ಯಬೇಡ. ಅವಳು ನಿನ್ನಷ್ಟು ಒಳ್ಳೆಯ ಸುಳ್ಳುಗಾತಿ ಅಲ್ಲ.

ಹಿಟ್ಟಿನ ಚೀಲವನ್ನು ನಿನ್ನೆ ಮೇಜಿನ ಮೇಲೆ ಸುರಿದೆ. ಚೂರು ಓದಲು ಕನ್ನಡಕ ಹಾಕಿಕೊಂಡು, ದೀಪ ಹತ್ತಿರ ಎಳೆದುಕೊಂಡು ಕೂತಿದ್ದೆ, ನ್ಯಾಯಾಧೀಶರ ಹಾಗೆ. ಓದಲು ಏನೂ ಉಳಿದಿರಲಿಲ್ಲ. ಜೋಳದ ಕಾಳು ಸುರಿದ ಹಾಗೆ ಸುರಿಯಿತು. ಬರೀ ಕಾಳು.

ಇದು ನಿನಗೆ ಅರ್ಥವಾಗುವುದಿಲ್ಲ, ಆದ್ದರಿಂದ ಹೇಳುತ್ತೇನೆ. ನಿಜವಾದ ಒಲೆಗಾಜು ಒಡೆದರೆ ಉದ್ದುದ್ದ ಹೋಳಾಗುತ್ತದೆ. ಅದರ ಅಂಚನ್ನು ಪಕ್ಕದಿಂದ ನೋಡಿದರೆ ತೆಳು ಕಂದು, ಆರಿದ ಚಹಾದ ಬಣ್ಣ. ಕಾಳಾಗಿ ಉದುರುವುದು ಬಸ್ಸಿನ ಕಿಟಕಿಗೆ, ಗ್ಯಾಸ್ ಒಲೆಯ ಬಾಗಿಲಿಗೆ ಹಾಕುವ ಗಾಜು. ಅದರ ಅಂಚು ಹಸಿರು. ನನ್ನ ಮೇಜಿನ ಮೇಲಿದ್ದ ಪ್ರತಿಯೊಂದು ಕಾಳೂ ಹಸಿರು.

ಆಗ ನೆನಪಾಯಿತು. ಮರೆತಿರಲಿಲ್ಲ, ನೆನಪು ಮಾಡಿಕೊಂಡಿರಲಿಲ್ಲ, ಅಷ್ಟೆ. ತೊಂಬತ್ತಮೂರರಲ್ಲಿ ನಿಮ್ಮ ಮನೆಗೆ ಹೊರಡುವಾಗ ಒಲೆಗಾಜು ಬಂದಿರಲಿಲ್ಲ. ಯಾರೋ ಎಸೆದ ಗ್ಯಾಸ್ ಒಲೆಯ ಬಾಗಿಲಲ್ಲಿ ಹೆಚ್ಚುಕಡಿಮೆ ಅದೇ ಅಳತೆಯ ಗಾಜು ಇತ್ತು. ಸ್ವಲ್ಪ ಚಿಕ್ಕದು. ಹುರಿಯನ್ನು ಎರಡು ಸುತ್ತು ಹಾಕಿ ತುಂಬಿಸಿದೆ. ಒಂದು ಚಳಿಗಾಲಕ್ಕೆ ಸಾಕು, ಬರುವ ಬೇಸಿಗೆಯಲ್ಲಿ ಸರಿಯಾದದ್ದು ತರುತ್ತೇನೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಮಗೆ ಮಾತ್ರ ಇಪ್ಪತ್ತು ವರ್ಷ ಅಂತ ಹೇಳಿದೆ. ಬರಿಗೈಯಲ್ಲಿ ಬಂದವಳು ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ, ಅದರಲ್ಲೂ ನಿನ್ನ ಎದುರಿಗೆ.

ಬರುವ ಬೇಸಿಗೆ ಬಂತು. ಆಮೇಲಿನದೂ ಬಂತು.

ಹೊಸ ಗಾಜನ್ನು ಇವತ್ತು ಬೆಳಿಗ್ಗೆ ನನ್ನ ಒಲೆಯ ಬಾಗಿಲಿಗೇ ತಂತಿಯಿಂದ ಕಟ್ಟಿ ನೋಡಿದೆ. ಎರಡು ಗಂಟೆ ಲೆಂಗಾ ಮರದ ಕಟ್ಟಿಗೆ ಉರಿಸಿ, ಬಾಗಿಲ ಹತ್ತಿರ ಹೋಗಲಾರದಷ್ಟು ಕಾಯಿಸಿ, ಹೊರಗಿನ ಹಿಮ ತಂದು ಬಟ್ಟೆಯಲ್ಲಿ ಸುತ್ತಿ ಒರೆಸಿದೆ. ಸುಯ್ ಅಂತು. ಅಷ್ಟೆ. ಒಂದು ಗೆರೆಯೂ ಇಲ್ಲ. ಅಮ್ಮ ಒರೆಸಿದ್ದು ಇಂಥ ಗಾಜಾಗಿದ್ದರೆ, ಅವಳ ಏಪ್ರನ್ನಿನ ತುದಿ ಮಾತ್ರ ಬೆಚ್ಚಗಾಗುತ್ತಿತ್ತು. ಆದ್ದರಿಂದ ಒಡೆದದ್ದು ಅಮ್ಮನೂ ಅಲ್ಲ, ನೀನಂತೂ ಮೊದಲೇ ಅಲ್ಲ. ನೀನು ನನ್ನ ತಪ್ಪನ್ನು ಎರಡು ತಿಂಗಳು ತಲೆಮೇಲೆ ಹೊತ್ತೆ, ಅದೂ ಯಾರ ತಪ್ಪು ಅಂತ ತಿಳಿಯದೆ. ಇಷ್ಟು ಪೆದ್ದತನವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ, ಕನ್ನಡಿಯಲ್ಲಿ ಬಿಟ್ಟರೆ.

ರೇಡಿಯೊ ಕಚೇರಿಗೆ ಹೋಗಿದ್ದೆ. ಅದೇ ಹುಡುಗಿ. ಓದಿ ನೋಡಿ, "ದೊಡ್ಡಮ್ಮಾ, ಇದನ್ನ ಓದಿದ್ರೆ ನಿಮಗೆ ಇನ್ಮೇಲೆ ಕೆಲಸ ಯಾರು ಕೊಡ್ತಾರೆ?" ಅಂದಳು. "ಹೋದ ಸಲ ಇಷ್ಟು ಕನಿಕರ ಎಲ್ಲಿಟ್ಟಿದ್ದೆ?" ಅಂದೆ. ಇಪ್ಪತ್ತೆರಡಕ್ಕೆ ಓದುತ್ತಾರೆ, ಮೂರು ಸಲ. ಬ್ಯಾಟರಿ ಹಾಕಿಕೊಂಡಿರು:

"ಎಲ್ ಮಾಯ್ತೆನ್‌ನ ನೊಲ್ಬೆರ್ತೊ ಅವರಿಗೆ, ಮತ್ತು ಹಿಂದಿನ ಸಂದೇಶ ಕೇಳಿ ನಕ್ಕ ಎಲ್ಲರಿಗೆ. ಆ ಗಾಜು ಒಡೆದದ್ದು ನೊಲ್ಬೆರ್ತೊ ಅವರಿಂದಲ್ಲ. ಒಲೆಗೆ ಸಲ್ಲದ ಗಾಜನ್ನು ಒಲೆಗಾಜು ಅಂತ ಕೂರಿಸಿದವಳು ನಾನು. ನಾನು ರಿಪೇರಿ ಮಾಡಿದ ಒಲೆ ನಿಮ್ಮ ಮನೆಯಲ್ಲಿದ್ದರೆ ಗಾಜಿನ ಅಂಚು ನೋಡಿ. ಹಸಿರಿದ್ದರೆ ತಿಳಿಸಿ, ಪುಕ್ಕಟೆ ಬದಲಿಸುತ್ತೇನೆ. ಇಂತಿ, ಎಲ್ಸಿರಾ."

ಅಮ್ಮನ ಹೆಸರು ಅದರಲ್ಲಿಲ್ಲ. ಅವಳಿಗೆ ನೀನು ಹೇಳಿದ ಸುಳ್ಳು ಹಾಗೇ ಇರಲಿ. ಇಲ್ಲ, ಸ್ವಲ್ಪ ಬದಲಿಸು. ಬಯ್ಗುಳ ನನ್ನ ಕಡೆ ತಿರುಗಿಸು.

ಗಾಜು ಮಂಗಳವಾರದ ಬಸ್ಸಿಗೆ ಬರುತ್ತದೆ, ಕಂಬಳಿಯಲ್ಲಿ ಸುತ್ತಿದೆ. ಕಂಬಳಿ ಅಮ್ಮನಿಗೆ. ಬಾಗಿಲನ್ನು ಕೀಲಿನಿಂದ ಎತ್ತಿ ತೆಗೆ, ಕುರಿಚರ್ಮದ ಮೇಲೆ ಮಲಗಿಸು. ಹಳೆಯ ಹುರಿ ಕೆರೆದು ತೆಗೆ, ಹೊಸದು ಜೊತೆಗಿದೆ, ಒಂದೇ ಸುತ್ತು. ಸ್ಕ್ರೂಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡು, ಅವಸರ ಮಾಡಿದರೆ ತಲೆ ಮುರಿಯುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಒಂದೊಂದೇ ಕೈಬೆರಳಿಂದ ತಿರುಗಿಸು. ನಿಂತ ಮೇಲೆ ಅರ್ಧ ಸುತ್ತು ಹಿಂದಕ್ಕೆ ಬಿಡು. ಗಾಳಿ ಬೀಸಿದಾಗ ಗಾಜು ಸ್ವಲ್ಪ ಅಲ್ಲಾಡಬೇಕು. ಅಲ್ಲಾಡುವ ಗಾಜು ಬಾಳುತ್ತದೆ. ಮೊದಲ ದಿನ ಸಣ್ಣ ಬೆಂಕಿ.

ಇಪ್ಪತ್ತೈದಕ್ಕೆ ನಾನು ಬರುವುದಿಲ್ಲ. ಟ್ರಕ್ಕು ಬೇಡ ಅಂದಿದ್ದೇನೆ. ಬೇಸಿಗೆಗೆ ಬಂದರೆ ಬಾಗಿಲು ತೆಗೆಯುತ್ತೀಯೋ ಇಲ್ಲವೋ ನೀನೇ ಬರಿ.

ಅಳತೆಪಟ್ಟಿ ಒಂದನ್ನು ಕಳಿಸಿದ್ದೇನೆ. ಹಂದಿಗೆ ಕೊಡಬೇಡ.

ಎಲ್ಸಿರಾ

ಎಲ್ ಮಾಯ್ತೆನ್
ಆಗಸ್ಟ್ 4, 1997

ಅತ್ತಿಗೆಯವರಿಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಓತಿಲಿಯಾ ತಿದ್ದಬಹುದಿತ್ತು, ಬೇಡ ಅಂದೆ.

ಗಾಜು ಬಂತು. ಬಸ್ಸಿನವನು ಕೂಸನ್ನು ಎತ್ತಿಕೊಂಡ ಹಾಗೆ ದೋಣಿಯವರೆಗೂ ಎತ್ತಿಕೊಂಡು ಬಂದನಂತೆ. ಕೂರಿಸಿದೆ. ಒಂದು ಸ್ಕ್ರೂ ಬರಲಿಲ್ಲ, ಎರಡು ರಾತ್ರಿ ಎಣ್ಣೆಯಲ್ಲಿ ಬಿಟ್ಟೆ, ಬಂತು. ಅಂಚು ನೋಡಿದೆ. ಚಹಾದ ಬಣ್ಣವೇ.

ರೇಡಿಯೊ ಕೇಳಿದೆವು. ಮೊದಲ ಸಲ ಓದಿದ ಮೇಲೆ ನಾನು ಬ್ಯಾಟರಿ ತೆಗೆದುಬಿಟ್ಟೆ. ಒಂದು ಸಲ ಸಾಕು. ಆದರೆ ಅಮ್ಮ ಪೂರ್ತಿ ಕೇಳಿಸಿಕೊಂಡಿದ್ದಳು. "ಹಾಗಾದ್ರೆ ಒಡೆದಿದ್ದು ಎಲ್ಸಿರಾನಾ?" ಅಂದಳು. ಹೌದಮ್ಮಾ ಅಂದೆ. ಆಮೇಲೆ "ಅಷ್ಟು ದೂರದಿಂದ ಹೇಗೆ ಒಡೆದ್ಲು?" ಅಂದಳು. "ಅವಳ ಕೈ ಮೊದಲಿಂದ್ಲೂ ಉದ್ದ" ಅಂತ ತಾನೇ ಹೇಳಿಕೊಂಡಳು. ಈಗ ದಿನಕ್ಕೆ ಎರಡು ಸಲ ನಿಮಗೆ ಬಯ್ಯುತ್ತಾಳೆ. ನನಗೆ ಸ್ವಲ್ಪ ಬೇಜಾರು, ಅಭ್ಯಾಸವಾಗಿಬಿಟ್ಟಿತ್ತು.

ಒಲೆಯ ಮುಂದೆ, ಗಾಜು ಅವಳ ಕೈಗೆ ಎಟುಕದಷ್ಟು ದೂರದಲ್ಲಿ ಮರದ ಅಡ್ಡಪಟ್ಟಿ ಹೊಡೆದಿದ್ದೇನೆ. ಅದಕ್ಕೆ ಎರಡೂ ಕೈ ಊರಿ ಕೂರುತ್ತಾಳೆ. ಮೊದಲ ದಿನ ಸಣ್ಣ ಬೆಂಕಿ ಹಾಕಿದಾಗ ಊಟ ಮಾಡಿದಳು. ಎರಡನೇ ದಿನ, "ಅಗೋ, ಆ ಕೋಳಿಗಳ ಜಗಳ ಇನ್ನೂ ಮುಗಿದಿಲ್ಲ" ಅಂದಳು. ಓತಿಲಿಯಾ ಹಿಟ್ಟು ಕಲಸುತ್ತಿದ್ದವಳು ಹೊರಗೆ ಹೋಗಿ ನಿಂತು ಬಂದಳು.

ಬೇಸಿಗೆಯ ವಿಷಯ ಕೇಳಿದ್ದೀರಿ. ನಮ್ಮ ಬಾಗಿಲಿಗೆ ಚಿಲಕ ಇಲ್ಲ, ನಿಮಗೆ ಗೊತ್ತು. ಬರುವಾಗ ಆ ಕನ್ನಡಕ ತನ್ನಿ. ಮೇಲಿನ ಮನೆಯವರ ಒಲೆಯ ಗಾಜಿನ ಅಂಚೂ ಹಸಿರು.

ಮತ್ತೊಂದು. ನೀವು ಹೇಳಿದ ಹಾಗೆ ಸ್ಕ್ರೂಗಳನ್ನು ಅರ್ಧ ಸುತ್ತು ಹಿಂದಕ್ಕೆ ಬಿಟ್ಟೆ. ಸರೋವರದ ಕಡೆಯಿಂದ ಗಾಳಿ ಬೀಸಿದರೆ ಗಾಜು ತೋಡಿನಲ್ಲಿ ಸಣ್ಣಗೆ ಗುಣುಗುಡುತ್ತದೆ. ನಿನ್ನೆ ಸಂಜೆ ಅಮ್ಮ ಆ ಕಡೆ ಕಿವಿಗೊಟ್ಟು, "ಎಲ್ಸಿರಾ ಬಂದ್ಲಾ? ಅದೇ ಗೊಣಗಾಟ" ಅಂದಳು.

ಬಂದಿದಾರಮ್ಮಾ ಅಂದೆ.

ಸ್ಕ್ರೂ ಬಿಗಿ ಮಾಡಲಿಲ್ಲ.

ನೊಲ್ಬೆರ್ತೊ